ಬಲಸೆರಗಿನ ಹುಕ್ಕು

ಸಕೀನಾಬಿಯವರು ಜಂಪರಿನ ಅಳತೆ ತೆಗೆಯುವಾಗ ಟೇಪು ಹಿಡಿಯುವುದು ಎರಡನೆಯ ಸಲ. ಮೊದಲ ಸಲ ಕಣ್ಣಿನಿಂದಲೇ ಅಳೆದು, ಮೂವತ್ನಾಲ್ಕು, ಮೂವತ್ತಾರು ಎಂದು ಬಾಯಲ್ಲಿ ಅಂದುಬಿಡುತ್ತಾರೆ. ಆಮೇಲೆ ಟೇಪು ಹಿಡಿದು ತಮ್ಮ ಕಣ್ಣನ್ನು ತಾವೇ ಪರೀಕ್ಷೆ ಮಾಡುತ್ತಾರೆ. ಬ್ಯಾಡಗಿಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ ನಾನು ಮೂರು ವರ್ಷ ಬಾಡಿಗೆಗಿದ್ದೆ. ಹತ್ತು ಸಲದಲ್ಲಿ ಒಂಬತ್ತು ಸಲ ಅವರ ಕಣ್ಣಿಗೂ ಟೇಪಿಗೂ ಇದ್ದ ವ್ಯತ್ಯಾಸ ಅರ್ಧ ಇಂಚಿಗಿಂತ ಕಡಿಮೆ. ಹತ್ತನೆಯ ಸಲ ಅವರು ಟೇಪನ್ನು ಬೈಯುತ್ತಿದ್ದರು.

ಅವರು ಹುಟ್ಟಿದ್ದು ರಾಣೇಬೆನ್ನೂರು ತಾಲೂಕಿನ ಕುಪ್ಪೇಲೂರಿನಲ್ಲಿ. ಹದಿನೇಳಕ್ಕೆ ಮದುವೆಯಾಗಿ ಬ್ಯಾಡಗಿಗೆ ಬಂದರು. ಗಂಡ ಮೆಣಸಿನಕಾಯಿ ಮಾರುಕಟ್ಟೆಯ ಯಾರ್ಡಿನಲ್ಲಿ ಹಮಾಲ. ಅವರು ತೀರಿಕೊಂಡಾಗ ಸಕೀನಾಬಿಯವರಿಗೆ ಇಪ್ಪತ್ತೆಂಟು. ಆಮೇಲೆ ಆರು ಸೀಸನ್ ಮೆಣಸಿನಕಾಯಿಯ ತುಂಬು ಬಿಡಿಸಿದರು. ತುಂಬು ಎಂದರೆ ತೊಟ್ಟು. ದಲಾಲಿ ಅಂಗಡಿಗಳ ಹಿಂದಿನ ಶೆಡ್ಡುಗಳಲ್ಲಿ ಹೆಂಗಸರು ಸಾಲಾಗಿ ಕುಳಿತು, ಹೆಬ್ಬೆರಳಿನ ಉಗುರಿನಿಂದ ತೊಟ್ಟು ಚಿವುಟಿ, ಕಾಯಿ ಒಂದು ಕಡೆ ತೊಟ್ಟು ಒಂದು ಕಡೆ ಹಾಕುತ್ತಾ ಹೋಗುವ ಕೆಲಸ. ಏಳನೆಯ ವರ್ಷ ಒಂದು ಹಳೆಯ ಹೊಲಿಗೆ ಮಿಶನ್ ತಂದು, ಹರಿದ ಜಂಪರುಗಳನ್ನು ಬಿಚ್ಚಿ ಬಿಚ್ಚಿ ನೋಡಿಯೇ ಹೊಲಿಯುವುದನ್ನು ಕಲಿತರು.

ಮೊದಲ ವರ್ಷದ ಹೊಲಿಗೆ ಚೆನ್ನಾಗಿರಲಿಲ್ಲವೆಂದು ಅವರೇ ಹೇಳುತ್ತಾರೆ. "ಒಂದು ತೋಳು ಬಿಗಿ, ಒಂದು ತೋಳು ಸಡ್ಲ. ಶೆಡ್ಡಿನ ಹೆಣ್ಣುಮಕ್ಕಳು ಅದನ್ನ ಹಾಕ್ಕೊಂಡು, ನಕ್ಕು, ಮರುವರ್ಷ ಮತ್ತ ಬಟ್ಟಿ ತಗೊಂಡು ನನ್ನ ಕಡೇನ ಬಂದ್ರು. ಊರಾಗ ಬ್ಯಾರೆ ಟೇಲರ್ ಇರಲಿಲ್ಲೇನು? ರಗಡ ಇದ್ರು." ಹೀಗಾಗಿ ಶೆಡ್ಡಿನವರು ಏನು ಕೇಳಿಕೊಂಡು ಬಂದರೂ ಅವರು ಇಲ್ಲ ಅಂದದ್ದನ್ನು ನಾನು ಕೇಳಿಲ್ಲ.

ನಾನು ಹಾವೇರಿಯಲ್ಲಿ ಬಿ.ಎಸ್ಸಿ. ಮುಗಿಸಿದವಳು, ಮೆಣಸಿನಕಾಯಿಯ ಬಣ್ಣ ಮತ್ತು ತೇವ ಅಳೆಯುವ ಒಂದು ಸಣ್ಣ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಸಕೀನಾಬಿಯವರು ನನ್ನನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. "ಏ ಬಿಎಸ್ಸಿ, ಚಾ ಆಗೇತಿ ಬಾ" ಎನ್ನುತ್ತಿದ್ದರು.

೨೦೦೪ರ ಫೆಬ್ರವರಿ ಹತ್ತು, ಮಂಗಳವಾರ ಸಂಜೆ, ಸುಧಾರಾಣಿ ಎಂಬ ಹುಡುಗಿ ಕಂಕುಳಲ್ಲಿ ಕೂಸು, ಕೈಯಲ್ಲಿ ಎರಡು ಜಂಪರು ಹಿಡಿದುಕೊಂಡು, ಮನೆಗೆ ಹೊಂದಿಕೊಂಡೇ ಇದ್ದ ಸಕೀನಾಬಿಯವರ ಹೊಲಿಗೆ ಅಂಗಡಿಗೆ ಬಂದಳು. ಸ್ಟೇಶನ್ ಹಿಂದಿನ ಓಣಿಯವಳು, ವಯಸ್ಸು ಇಪ್ಪತ್ಮೂರು.

"ಸಕೀನಕ್ಕಾ, ಈ ಹುಕ್ಕೆಲ್ಲಾ ಕಿತ್ತು ಬಿಡ್ರಿ," ಅಂದಳು.

"ಕಿತ್ತು, ಅಲ್ಲಿ ಏನು ಹಚ್ಚಲಿ?"

"ಏನೂ ಬ್ಯಾಡ್ರಿ."

"ಏನೂ ಹಚ್ಚಲಿಲ್ಲ ಅಂದ್ರ ಪ್ಯಾಟ್ಯಾಗ ಹೆಂಗ ಅಡ್ಡಾಡ್ತಿ? ಮುಂದ ಬ್ಯಾಂಡಿನವರನ್ನ ಬಿಟ್ಕೊಂಡು?"

ಸುಧಾರಾಣಿ ನಗಲಿಲ್ಲ. ಬಾಗಿಲ ಹಲಗೆಯ ಮೇಲೆ ಕುಳಿತು ಅಳತೊಡಗಿದಳು. ಸಕೀನಾಬಿಯವರು ಮಿಶನ್ ಬಿಟ್ಟು ಎದ್ದು ಬಂದು ಕೂಸನ್ನು ಎತ್ತಿಕೊಂಡರು. ಆಮೇಲೆ ವಿಷಯ ಒಂದೊಂದಾಗಿ ಹೊರಬಂತು.

ಕೂಸಿನ ಹೆಸರು ಭುವನಾ, ನಾಲ್ಕು ತಿಂಗಳು. ಶೆಡ್ಡಿನ ಎರಡು ಕಂಬಗಳ ನಡುವೆ ಸೀರೆಯ ಜೋಲಿ ಕಟ್ಟಿ ಅದನ್ನು ಮಲಗಿಸಿ ಸುಧಾರಾಣಿ ತುಂಬು ಬಿಡಿಸುತ್ತಿದ್ದಳು. ಹಸಿದು ಅತ್ತಾಗ ಎದ್ದು ಹೋಗಿ, ನಲ್ಲಿಯಲ್ಲಿ ಕೈ ತೊಳೆದು ಹಾಲು ಕೊಡುತ್ತಿದ್ದಳು. ಆದರೆ ತೊಳೆದರೂ ಉಳಿದ ಖಾರ ಬೆರಳಿನಿಂದ ಹುಕ್ಕಿಗೆ, ಹುಕ್ಕಿನಿಂದ ಜಂಪರಿನ ಪಟ್ಟಿಗೆ, ಪಟ್ಟಿಯಿಂದ ಮೈಗೆ ಹತ್ತುತ್ತಿತ್ತು. ಎಂಟು ದಿನದ ಹಿಂದೆ ಕೂಸಿನ ತುಟಿ ಕೆಂಪಗೆ ಬಾತು, ಅದು ಉಸಿರು ಹಿಡಿದು ಅತ್ತಿತು. ಅಂದಿನಿಂದ ಎದೆಯ ಹತ್ತಿರ ತಂದರೆ ಮುಖ ತಿರುವುತ್ತದೆ. ಮನೆಯಲ್ಲಿ ಜಳಕ ಮಾಡಿ ಬಂದು ಕೊಟ್ಟರೂ ಹಾಗೆಯೇ. ಅರೆನಿದ್ದೆಯಲ್ಲಿ ಮಾತ್ರ ನಾಲ್ಕು ಗುಟುಕು ಕುಡಿಯುತ್ತದೆ. ಅಂಗನವಾಡಿಯಲ್ಲಿ ಹದಿನೈದು ದಿನದ ಹಿಂದೆ ತೂಗಿದಾಗ ಐದು ಕಿಲೋ ನಾನೂರು ಗ್ರಾಂ ಇತ್ತು. ಇವತ್ತು ಐದು ಕಿಲೋ ನೂರ ಐವತ್ತು.

"ಅಂಗನವಾಡಿ ಅಕ್ಕೋರು ಆರು ತಿಂಗಳತನಕ ಎದಿಹಾಲು ಬಿಟ್ಟು ಬ್ಯಾರೆ ಕೊಡಬ್ಯಾಡ ಅಂತಾರ. ನಮ್ಮತ್ತಿ ಬಾಟ್ಲಿ ಹಚ್ಚು, ಇಲ್ಲಾಂದ್ರ ಕೆಲಸಾ ಬಿಟ್ಟು ಮನ್ಯಾಗ ಕುಂದ್ರು ಅಂತಾಳ. ಬಿಟ್ಟೆ ಅಂದ್ರ ನಾಳೆ ನನ್ನ ಜಾಗದಾಗ ಇನ್ನೊಬ್ಬಾಕಿ ಬಂದು ಕುಂದರ್ತಾಳ್ರಿ. ನನಗ ಎದಿಹಾಲು ಬತ್ತಾಕತ್ತೇತಿ."

ಸಕೀನಾಬಿಯವರು ಕೂಸಿನ ತುಟಿಯನ್ನು ಬೆಳಕಿಗೆ ಹಿಡಿದು ನೋಡಿದರು. "ಹುಕ್ಕು ಕಿತ್ರ ಆಗಂಗಿಲ್ಲ. ನನಗೊಂದು ಎಂಟು ದಿನಾ ಕೊಡು. ಅಲ್ಲೀತನಕ ಅರೆನಿದ್ದ್ಯಾಗ ಕುಡಸು, ಉಳಿದದ್ದನ್ನ ಹಿಂಡಿ ಚಮಚಾದ್ಲೆ ಹಾಕು. ಬತ್ತಾಕ ಮಾತ್ರ ಬಿಡಬ್ಯಾಡ," ಅಂದರು. ಆಮೇಲೆ ನನ್ನ ಕಡೆ ತಿರುಗಿದರು. "ಏ ಬಿಎಸ್ಸಿ, ಕೈ ತೊಳದ್ರೂ ಖಾರ ಯಾಕ ಹೋಗಂಗಿಲ್ಲ, ಹೇಳು."

ಇದು ನನಗೆ ಗೊತ್ತಿದ್ದ ವಿಷಯ. ಮೆಣಸಿನಕಾಯಿಯ ಖಾರದ ಸತ್ವ ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದು ನಿಜ. ಆದರೆ ಆ ಕಡಿಮೆ ಎಂಬುದು ದೊಡ್ಡವರ ನಾಲಿಗೆಯ ಲೆಕ್ಕ, ನಾಲ್ಕು ತಿಂಗಳ ತುಟಿಯದಲ್ಲ. ಮೊದಲು ಶೇಂಗಾ ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕಿ, ಒರೆಸಿ, ಆಮೇಲೆ ಸಾಬೂನು ಹಚ್ಚಿ ತೊಳೆಯಬೇಕೆಂದು ಹೇಳಿದೆ. ಮರುದಿನ ಸುಧಾರಾಣಿ ಹಾಗೆಯೇ ಮಾಡಿ ನೋಡಿದಳು. ಖಾರ ಬಹಳ ಮಟ್ಟಿಗೆ ಹೋಯಿತು, ಆದರೆ ಉಗುರಿನ ಸಂದಿಯಲ್ಲಿ ಉಳಿಯಿತು. ಒಂದು ಸಲ ತೊಳೆಯಲು ಏಳು ನಿಮಿಷ ಬೇಕಾಯಿತು, ನಲ್ಲಿಯ ಮುಂದಿನ ಸಾಲು ಬೇರೆ. ಅಳುವ ಕೂಸಿಗೆ ಏಳು ನಿಮಿಷ ಬಹಳ.

"ಅಂದ್ರ ಕೈ ಸ್ವಚ್ಛ ಆಗಂಗಿಲ್ಲ," ಎಂದರು ಸಕೀನಾಬಿ. "ಆಗಂಗಿಲ್ಲ ಅಂದ ಮ್ಯಾಲ ಕೈಯನ್ನ ಮುಚ್ಚಬೇಕು."

ರಬ್ಬರಿನ ಕೈಗವಸು ಹಾಕಿಕೊಂಡು ತುಂಬು ಬಿಡಿಸಲು ಬರುವುದಿಲ್ಲ. ಕೆಲಸ ಮಾಡುವುದೇ ಉಗುರು. ಆದ್ದರಿಂದ ಅವರು ಕೆಲಸದ ಕೈಯನ್ನು ಹಾಗೆಯೇ ಬಿಟ್ಟು, ಹಾಲು ಕೊಡುವ ಹೊತ್ತಿಗೆ ತೊಡಲು ಮೊಳಕೈವರೆಗೆ ಬರುವ ಎರಡು ಬಿಳಿ ಅರಿವೆಯ ಚೀಲ ಹೊಲಿದರು. ಶೆಡ್ಡಿನ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟು ಕೆಲಸ ಮಾಡುತ್ತಾರೆ. ಆ ಅಂಗಿ ಬಿಚ್ಚಿಟ್ಟು, ಎರಡೂ ಕೈಯನ್ನು ಚೀಲದೊಳಗೆ ತೂರಿಸಿ, ಚೀಲದ ಕೈಯಿಂದಲೇ ಕೂಸನ್ನು ಎತ್ತಿಕೊಳ್ಳಬೇಕು. ಇಷ್ಟು ಸಲೀಸಾಗಿ ಆಯಿತು. ತೊಡಕು ಬಂದದ್ದು ಹುಕ್ಕಿನಲ್ಲಿ. ಜಂಪರಿನ ಹುಕ್ಕು ಜೋಳದ ಕಾಳಿನಷ್ಟು. ಅರಿವೆ ಮುಚ್ಚಿದ ಬೆರಳಿಗೆ ಅದು ಸಿಗುವುದೇ ಇಲ್ಲ. ನಾನೂ ಪ್ರಯತ್ನಿಸಿದೆ. ಐದು ಹುಕ್ಕಿನಲ್ಲಿ ಒಂದನ್ನು ಬಿಚ್ಚಲು ನನಗೆ ಎರಡೂವರೆ ನಿಮಿಷ ಹಿಡಿಯಿತು.

ಅಲ್ಲಿಗೆ ಬೇಕಾದದ್ದು ಏನೆಂಬುದು ಸ್ಪಷ್ಟವಾಯಿತು. ಮುಷ್ಟಿಯಿಂದ ಬಿಚ್ಚಲು ಬರುವ, ಮುಷ್ಟಿಯಿಂದ ಹಾಕಲು ಬರುವ ಹುಕ್ಕು.

ಪೇಟೆಯಲ್ಲಿ ಸಿಗುವುದನ್ನೆಲ್ಲ ಸಕೀನಾಬಿಯವರು ತಂದು ನೋಡಿದರು. ಒತ್ತುಗುಂಡಿ ಬಗ್ಗಿದರೆ ಬಿಚ್ಚಿಕೊಂಡಿತು. ವೆಲ್ಕ್ರೋ ಅಂಟುಪಟ್ಟಿಯಲ್ಲಿ ಮೆಣಸಿನಬೀಜ ಸಿಕ್ಕಿಕೊಂಡು ಎರಡನೆಯ ದಿನಕ್ಕೆ ಅಂಟು ಬಿಟ್ಟಿತು. ಜಿಪ್ಪಿನ ಹಲ್ಲಿಗೆ ಧೂಳು ಕೂತಿತು. "ಹಳೇ ಕಾಲದ ಗಂಟಿನ ಕುಬಸಾ ಹೊಲಿಯಲೇನು?" ಎಂದು ಕೇಳಿ, ಚೀಲ ತೊಟ್ಟ ಕೈಯಿಂದ ಗಂಟು ಬಿಚ್ಚಲು ಹೋಗಿ ತಾವೇ ನಕ್ಕರು.

ಆ ಶುಕ್ರವಾರ ಸಂಜೆ ಕರೆಂಟು ಹೋಯಿತು. ಸಕೀನಾಬಿಯವರು ಕಂದೀಲು ಹಚ್ಚಲು ಕುಳಿತರು. ಕಂದೀಲಿನ ಬದಿಯಲ್ಲಿ ಒಂದು ತಂತಿಯ ಸನ್ನೆಕೋಲು ಇರುತ್ತದೆ. ಅದನ್ನು ಕೆಳಗೆ ಒತ್ತಿದರೆ ಗಾಜು ಮೇಲೇಳುತ್ತದೆ, ಬಿಟ್ಟರೆ ಕೂರುತ್ತದೆ. ಕಡ್ಡಿ ಗೀರಿ, ಬತ್ತಿ ಹಚ್ಚಿ, ಗಾಜು ಇಳಿಸಿ, ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ನಾಲ್ಕನೆಯ ಸಲ ಎತ್ತಿದಾಗ ನಾನು, "ಏನಾತ್ರಿ?" ಅಂದೆ.

"ಗಾಜು ಸುಡತಿರತೈತಿ. ಅದನ್ನ ಯಾರರ ಮುಟ್ತಾರೇನು? ಇಲ್ಲಿ ಒತ್ತಿದ್ರ ಅಲ್ಲಿ ಏಳತೈತಿ. ನಮ್ಮ ಹುಕ್ಕಿಗೂ ಹಿಂಗ ಒಂದು ಬಾಲ ಬೇಕು ನೋಡು."

ನನ್ನ ನೋಟುಬುಕ್ಕಿನ ಹಿಂದಿನ ಹಾಳೆಯಲ್ಲಿ ಅವರು ಬರೆದ ಚಿತ್ರ ಈಗಲೂ ನನ್ನ ಹತ್ತಿರ ಇದೆ. ಹನ್ನೊಂದು ಸೆಂಟಿಮೀಟರಿನ ಒಂದೇ ತಂತಿ. ನಡುವೆ ಎರಡು ಸುತ್ತಿನ ಸುರುಳಿ, ಅದೇ ಸ್ಪ್ರಿಂಗು. ಸುರುಳಿಯ ಎರಡು ಬದಿಗೆ ಬಟ್ಟೆಗೆ ಹೊಲಿಯಲು ಉಂಗುರ. ಮುಂದೆ ಗಿಳಿಯ ಕೊಕ್ಕಿನಂತೆ ಬಾಗಿದ ತುದಿ. ಹಿಂದೆ ಎರಡು ಬೆರಳಗಲದ ಬಾಲ. ಬಾಲವನ್ನು ಎದೆಯ ಕಡೆ ಒತ್ತಿದರೆ ಕೊಕ್ಕು ಮೇಲೆದ್ದು, ಎದುರು ಪಟ್ಟಿಯಲ್ಲಿರುವ ತಂತಿಯ ಕುಣಿಕೆಯನ್ನು ಬಿಡುತ್ತದೆ. ಹಾಕುವಾಗ ಕೊಕ್ಕನ್ನು ಕುಣಿಕೆಯ ಮೇಲೆ ಇಟ್ಟು ಗುದ್ದಿದರೆ ಸಾಕು, ಜಾರಿ ಕೂರುತ್ತದೆ. ಮುಷ್ಟಿ ಬರುವುದು ಕೆಳಗಿನಿಂದ, ಆದ್ದರಿಂದ ಬಾಲದ ತುದಿಯನ್ನು ತುಸು ಕೆಳಗೆ ಬಾಗಿಸಿದ್ದರು. ಐದರ ಬದಲು ಮೂರೇ ಹುಕ್ಕು.

ಮರುದಿನ ಶನಿವಾರ ನಾವಿಬ್ಬರೂ ರಾಣೇಬೆನ್ನೂರಿಗೆ ಹೋದೆವು. ಬಸ್ ಸ್ಟ್ಯಾಂಡಿನ ಹತ್ತಿರ ಸಕೀನಾಬಿಯವರ ಅಣ್ಣ ಅಲ್ಲಾವುದ್ದೀನರ ಅಂಗಡಿ. ಸ್ಟೋ, ಛತ್ರಿ, ಕಂದೀಲು ರಿಪೇರಿ. ಅಣ್ಣತಂಗಿ ಉರ್ದುವಿನಲ್ಲಿ ಶುರುಮಾಡಿ, ನಾನಿದ್ದದ್ದು ನೆನಪಾದಾಗ ಕನ್ನಡಕ್ಕೆ ಹೊರಳುತ್ತಿದ್ದರು.

ಚಿತ್ರ ನೋಡಿ ಅಲ್ಲಾವುದ್ದೀನರು, "ಇದು ಹುಕ್ಕೋ, ಇಲಿ ಹಿಡಿಯೋ ಬೋನೋ?" ಅಂದರು.

"ನೀ ಮೊದ್ಲ ಬಗ್ಗಿಸು. ಇಲಿ ಬಿದ್ರ ನಿನಗ ಕಳಸ್ತೇನಿ."

ಅವರು ಹಲಗೆಯ ಮೇಲೆ ಐದು ಮೊಳೆ ಹೊಡೆದು, ಇಕ್ಕಳದಿಂದ ತಂತಿಯನ್ನು ಮೊಳೆಗಳ ಸುತ್ತ ಎಳೆದು ಬಗ್ಗಿಸಿದರು. ಮೊದಲು ಛತ್ರಿಯ ಕಡ್ಡಿ, ಅದು ಮುರಿಯಿತು. ಕಟ್ಟುವ ತಂತಿ ಬಗ್ಗಿದ್ದು ಬಗ್ಗಿದ ಹಾಗೇ ಉಳಿಯಿತು, ಪುಟಿಯಲಿಲ್ಲ. ಕೊನೆಗೆ ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ತುಕ್ಕು ಹಿಡಿಯದ ಸ್ಟೀಲ್ ತಂತಿಯಲ್ಲಿ ಎರಡು ದಪ್ಪದ್ದು ತಂದೆವು. ನಾನು ಪ್ರಯೋಗಾಲಯದ ಸ್ಕ್ರೂ ಗೇಜ್ ಕೇಳಿಕೊಂಡು ತಂದಿದ್ದೆ. ಒಂದು ೧.೨ ಮಿಲಿಮೀಟರ್, ಇನ್ನೊಂದು ೦.೯. ದಪ್ಪ ತಂತಿಯ ಹುಕ್ಕು ಗಟ್ಟಿಯಾಗಿ ಕೂತಿತು, ಆದರೆ ಬಾಲವನ್ನು ಒತ್ತಲು ಎರಡು ಕಿಲೋ ಭಾರ ಬೇಕಾಯಿತು. ತೆಳು ತಂತಿಯದನ್ನು ಅರ್ಧ ಕಿಲೋ ಒತ್ತಿದರೆ ಬಾಯಿ ತೆರೆಯಿತು. ಅದಕ್ಕೆ ಕಲ್ಲು ಕಟ್ಟಿ ಅಡ್ಡ ಎಳೆದು ನೋಡಿದೆ. ಎರಡು ಕಿಲೋ ಮುನ್ನೂರು ಗ್ರಾಮಿನವರೆಗೂ ಬಿಡಲಿಲ್ಲ. ಬಗ್ಗಿ ಬುಟ್ಟಿ ಎತ್ತುವ ಹೆಂಗಸಿಗೆ ಇಷ್ಟು ಧಾರಾಳ ಸಾಕೆಂದು ನಾನು ಬರೆದಿಟ್ಟೆ.

ಸಕೀನಾಬಿಯವರು ಮೂರು ಹುಕ್ಕನ್ನು ತಮ್ಮದೇ ಜಂಪರಿಗೆ ಹೊಲಿದುಕೊಂಡು ಎರಡು ದಿನ ತೊಟ್ಟರು. ಕಸ ಹೊಡೆದರು, ನೀರು ಹೊತ್ತರು, ಬಗ್ಗಿ ಬಟ್ಟೆ ಒಗೆದರು. ಒಮ್ಮೆಯೂ ಬಿಚ್ಚಲಿಲ್ಲ. ಚೀಲದ ಕೈಯಿಂದ ಬಿಚ್ಚಿದರೆ ಮೂರೂ ಸೇರಿ ಒಂಬತ್ತು ಸೆಕೆಂಡು. ಹದಿನೆಂಟರ ಬುಧವಾರ ಸುಧಾರಾಣಿಯ ಎರಡೂ ಜಂಪರು ತಯಾರಾದವು. ಕೇಳಿಕೊಂಡ ಎಂಟು ದಿನಕ್ಕೆ ಸರಿಯಾಗಿ.

ಶುಕ್ರವಾರ ಸಂಜೆ ಸುಧಾರಾಣಿ ಆ ಜಂಪರುಗಳನ್ನು ತಂದು ಮಿಶನ್ನಿನ ಮೇಲೆ ಇಟ್ಟಳು. ಜೊತೆಯಲ್ಲಿ ಅವಳ ಅತ್ತೆ ಮರಿಯವ್ವ ಇದ್ದಳು. ಅವಳೂ ಅದೇ ಶೆಡ್ಡಿನಲ್ಲಿ ಸೊಸೆಯ ಪಕ್ಕದಲ್ಲೇ ಕೂರುವವಳು.

"ಏನಾತವ್ವಾ?"

ಮರಿಯವ್ವನೇ ಹೇಳಿದಳು. "ಏನಾಗಬೇಕು? ನಿನ್ನೆ ಮಧ್ಯಾಹ್ನ ಅಂಗಿ ಕಳದು ಉಣ್ಣಾಕ ಕುಂತಿದ್ವಿ. ಹಮಾಲ್ರು ಅಲ್ಲೇ ನಿಂತಾರ. ಈಕಿ ಸೆರಗು ಬಿಗಿಮಾಡಿ ನಡಕ್ಕ ಸಿಗಸ್ಕೊಂಡ್ಳು. ಟಕ್, ಟಕ್, ಟಕ್! ಮೂರೂ ತಾವ ತಗದು ನಿಂತ್ವು! ಇಡೀ ಶೆಡ್ಡು ನಕ್ಕೋಂತ ಕುಂತೇತಿ. ಏನ್ ಸಕೀನಾ, ಜಂಪರಾ ಹೊಲದೀಯೋ, ಬಸ್ಸಿನ ಬಾಗಲಾ ಹೊಲದೀಯೋ?"

"ಕೂಸು ಕುಡೀತೇನು?" ಸಕೀನಾಬಿಯವರು ಕೇಳಿದ್ದು ಇಷ್ಟೇ.

"ಕುಡಸಾಕ ಧೈರ್ಯಾ ಎಲ್ಲಿಂದ ಬರಬೇಕ್ರಿ?" ಅಂದಳು ಸುಧಾರಾಣಿ. "ಎಲ್ಲಾರೂ ನನ್ನನ್ನ ನೋಡಾಕತ್ತಿದ್ರು. ಸೋಮವಾರದಿಂದ ಬಾಟ್ಲಿ ಹಚ್ತೇನ್ರಿ. ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ."

ನಾನು ನನ್ನ ಟಿಪ್ಪಣಿ ತೆಗೆದು ನೋಡಿದೆ. ಎರಡು ಕಿಲೋ ಮುನ್ನೂರು. ಸೆರಗು ಸಿಗಿಸಿಕೊಂಡರೆ ಅಷ್ಟು ಎಳೆತ ಬರುವುದು ಸಾಧ್ಯವಿರಲಿಲ್ಲ. ಸಕೀನಾಬಿಯವರು ನನ್ನ ನೋಟುಬುಕ್ಕನ್ನು ಬದಿಗೆ ಸರಿಸಿದರು. "ಅದಿರ್ಲಿ. ಸುಧಾ, ಒಳಗ ಹೋಗಿ ಇದನ್ನ ಹಾಕ್ಕೊಂಡು ಬಾ. ಶೆಡ್ಡಿನ್ಯಾಗ ಹೆಂಗ ಕುಂದರ್ತಿ, ಹಂಗ ಕುಂದ್ರು. ಹೆಂಗ ಏಳ್ತಿ, ಹಂಗ ಏಳು."

ಸುಧಾರಾಣಿ ಅರೆಮನಸ್ಸಿನಿಂದ ತೊಟ್ಟು ಬಂದಳು. ಕುಳಿತಳು, ಸುಮ್ಮನೆ ಬೆರಳು ಆಡಿಸಿದಳು, ಎದ್ದಳು, ಸೆರಗಿನ ಅಂಚನ್ನು ಎಳೆದು ನಡುವಿಗೆ ಸಿಗಿಸಿದಳು. ಟಕ್ ಎಂದು ಮೇಲಿನ ಹುಕ್ಕು ಬಿಟ್ಟಿತು.

ಸಕೀನಾಬಿಯವರು ಮಿಸುಕದೆ ನೋಡುತ್ತಿದ್ದವರು ಹಣೆ ಹಣೆ ಬಡಿದುಕೊಂಡರು. "ಯಾ ಅಲ್ಲಾ! ನೀ ಬಲಸೆರಗಿನಾಕಿ!"

"ನಮ್ಮ ಮನ್ಯಾಗ ಎಲ್ಲಾರೂ ಬಲಸೆರಗ ಅಲ್ಲೇನ," ಅಂದಳು ಮರಿಯವ್ವ. "ನಿನಗೇನು ಇವತ್ತು ಗೊತ್ತಾತೇನು?"

ಗೊತ್ತಿಲ್ಲದ ವಿಷಯವೇನಲ್ಲ. ಈ ಸೀಮೆಯ ಅನೇಕ ಮನೆಗಳಲ್ಲಿ ಸೆರಗನ್ನು ಬಲಹೆಗಲ ಮೇಲೆ ಹೊದೆಯುವುದು ರೂಢಿ, ಶೆಡ್ಡಿನಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೆಂಗಸರು ಹಾಗೆಯೇ. ಸಕೀನಾಬಿಯವರು ಎಡಸೆರಗಿನವರು. ಹುಕ್ಕನ್ನು ತಮ್ಮ ಮೈಮೇಲೆ ತೊಟ್ಟು ಪರೀಕ್ಷೆ ಮಾಡಿದ್ದರು. ಎಡಸೆರಗು ಬಿಗಿಯಾದಾಗ ಅದರ ಅಂಚು ಕೂರುವುದು ಎಡಗಡೆ. ಹುಕ್ಕಿನ ಬಾಲ ಬಲಗಡೆ ಇದ್ದುದರಿಂದ ಅದಕ್ಕೇನೂ ತಾಗುತ್ತಿರಲಿಲ್ಲ. ಬಲಸೆರಗಿನವರಿಗೆ ಬಿಗಿಯಾದ ಅಂಚು ನೇರವಾಗಿ ಬಾಲದ ಮೇಲೆಯೇ ಹಾಯುತ್ತದೆ, ಅರ್ಧ ಕಿಲೋಗಿಂತ ಹೆಚ್ಚು ಒತ್ತುತ್ತದೆ. ನಾನು ಅಡ್ಡ ಎಳೆತವನ್ನು ಗ್ರಾಮಿನ ಲೆಕ್ಕದಲ್ಲಿ ಅಳೆದಿದ್ದೆ, ಸೆರಗಿನ ಒತ್ತಡವನ್ನು ಅಳೆಯುವ ವಿಚಾರವೇ ನನಗೆ ಹೊಳೆದಿರಲಿಲ್ಲ. ನಾನೂ ಎಡಸೆರಗಿನವಳೇ.

"ಇಷ್ಟೇನ್ರಿ? ಹುಕ್ಕನ್ನ ತಿರುವಿ ಎಡಗಡೆ ಪಟ್ಟಿಗೆ ಹೊಲದ್ರಾತು," ಅಂದೆ.

ಸಕೀನಾಬಿಯವರು ಒಂದು ಹುಕ್ಕನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ತಿರುವಿದೆ. ಬಾಲ ಎಡಕ್ಕೆ ಬಂತು, ಆದರೆ ಕೆಳಗೆ ಬಾಗಿದ್ದ ತುದಿ ಈಗ ಮೇಲಕ್ಕೆ ನೋಡುತ್ತಿತ್ತು. ಮಗುಚಿ ಇಟ್ಟೆ. ತುದಿ ಕೆಳಗೆ ಬಂತು, ಕೊಕ್ಕು ಎದೆಗೆ ಚುಚ್ಚುವಂತಾಯಿತು.

"ಬಲಗಾಲಿನ ಚಪ್ಪಲಿ ತಿರುವಿದ್ರ ಎಡಗಾಲಿಗೆ ಬರತೈತೇನು, ಬಿಎಸ್ಸಿ?"

ಕಾಲೇಜಿನ ಮೂರನೆಯ ವರ್ಷದಲ್ಲಿ ಎಡಗೈ ಬಲಗೈಯಂತೆ ಒಂದಕ್ಕೊಂದು ಕನ್ನಡಿಯ ಬಿಂಬವಾಗಿರುವ ಅಣುಗಳ ಬಗ್ಗೆ ಎಂಟು ಅಂಕದ ಉತ್ತರ ಬರೆದಿದ್ದೆ. ಆ ಪಾಠ ನನಗೆ ಸರಿಯಾಗಿ ಅರ್ಥವಾದದ್ದು ಅಂದು.

ಮರಿಯವ್ವ ಹೊರಡಲು ಎದ್ದಳು. ಸಕೀನಾಬಿಯವರು ಅವಳ ಕೈ ಹಿಡಿದು ಕೂರಿಸಿದರು. "ನೀ ನಕ್ಕದ್ದು ಸರಿ ಐತಿ, ಮರಿಯವ್ವಾ. ತಪ್ಪು ನಂದು. ನನ್ನ ಮೈ ಅಳತಿ ತಗೊಂಡು ನಿನ್ನ ಸೊಸಿಗೆ ಹೊಲದೆ. ಸೋಮವಾರದತನಕ ಬಾಟ್ಲಿ ತರಬ್ಯಾಡ್ರಿ. ಎರಡ ದಿನ."

ಮರಿಯವ್ವ ಸೊಸೆಯ ಮುಖ ನೋಡಿದಳು, ಕೂಸಿನ ಮುಖ ನೋಡಿದಳು. "ಎರಡ ದಿನ ಅಂದ್ರ ಎರಡ ದಿನ ಮತ್ತ," ಅಂದಳು.

ಶನಿವಾರ ನನಗೆ ರಜೆ ಸಿಗಲಿಲ್ಲ. ಸಕೀನಾಬಿಯವರು ಬೆಳಗಿನ ಬಸ್ಸಿಗೆ ಒಬ್ಬರೇ ಹೋಗಿ ಮಧ್ಯಾಹ್ನ ಬಂದರು. ಅಲ್ಲಾವುದ್ದೀನರು ಹಲಗೆಯ ಮೊಳೆಗಳನ್ನು ಕಿತ್ತು, ಹಳೆಯ ಹುಕ್ಕನ್ನು ಕನ್ನಡಿಯ ಮುಂದೆ ಹಿಡಿದು, ಕನ್ನಡಿಯಲ್ಲಿ ಕಂಡಂತೆ ಮೊಳೆ ಹೊಡೆದರಂತೆ. ಆರು ಹುಕ್ಕು ಬಗ್ಗಿಸಿ, ತುದಿಗಳು ನುಣುಪಾಗುವವರೆಗೆ ಅರದಿಂದ ಉಜ್ಜಿ, "ಸೆರಗು ಯಾವ ಕಡೀಗೆ ಅಂತ ಕೇಳದ ಹೊಲ್ಯಾಕ ಕುಂತಾಕಿ ನೀ ಒಬ್ಬಾಕಿ," ಎಂದು ಬೈದು ಕಳಿಸಿದ್ದರು. ಸಕೀನಾಬಿಯವರು ಸುಧಾರಾಣಿಯ ಜಂಪರಿನ ಎರಡು ಪಟ್ಟಿಗಳನ್ನೂ ಬಿಚ್ಚಿ, ಮೇಲಿನದನ್ನು ಕೆಳಗೆ, ಕೆಳಗಿನದನ್ನು ಮೇಲೆ ಮಾಡಿ ಹೊಲಿದರು. ರವಿವಾರ ಬೆಳಿಗ್ಗೆ ಆ ಜಂಪರನ್ನು ತಾವೇ ತೊಟ್ಟು ಬಲಸೆರಗು ಹೊದ್ದುಕೊಂಡರು. ಬಾವಿಯಿಂದ ನೀರು ಸೇದಿದರು. ಆಮೇಲೆ ನನಗೂ ಅದನ್ನು ತೊಡಿಸಿ, ಬಲಸೆರಗು ಹೊದಿಸಿ ಅಕ್ಕಿಯ ಚೀಲ ಎತ್ತಿಸಿದರು. ನಾನು ಸೆರಗನ್ನು ನಲವತ್ತು ಸಲ ಬಿಗಿದು ಸಿಗಿಸಿದೆ. ಹುಕ್ಕು ಒಮ್ಮೆಯೂ ಬಿಡಲಿಲ್ಲ.

ಸೋಮವಾರ ಪೇಟೆಯ ದಿನ. ಯಾರ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಆದರೂ ಸಕೀನಾಬಿಯವರು ಅಂಗಡಿಗೆ ಕೀಲಿ ಹಾಕಿ, ಹನ್ನೊಂದರ ಹೊತ್ತಿಗೆ ನನ್ನನ್ನೂ ಕರೆದುಕೊಂಡು ಶೆಡ್ಡಿಗೆ ಹೋದರು. ನಾವು ಹೋದಾಗ ಕೂಸು ಅಳಲು ಶುರುಮಾಡಿತ್ತು. ಸುಧಾರಾಣಿ ಎದ್ದು ಜೋಲಿಯ ಹತ್ತಿರ ಗೋಡೆಗೆ ಬೆನ್ನು ಕೊಟ್ಟು ಕುಳಿತಳು. ಮೇಲಿನ ಅಂಗಿ ಕಳೆದು ದೂರ ಇಟ್ಟಳು. ಡಬ್ಬಿಯಿಂದ ಬಿಳಿಯ ಚೀಲಗಳನ್ನು ತೆಗೆದು ಕೈ ತೂರಿಸಿದಳು. ಕೂಸನ್ನು ಎತ್ತಿ ತೊಡೆಯ ಮೇಲೆ ಹಾಕಿಕೊಂಡಳು. ಸೆರಗಿನ ಮರೆಯಲ್ಲಿ ಮುಷ್ಟಿ ಒಮ್ಮೆ, ಎರಡು ಸಲ, ಮೂರು ಸಲ ಒತ್ತಿತು.

ತುಂಬು ಬಿಡಿಸುತ್ತಿದ್ದ ಹೆಂಗಸರ ಕೈ ಒಂದೊಂದಾಗಿ ನಿಂತವು. ಗುರುವಾರ ನಕ್ಕವರೂ ಅಲ್ಲಿಯೇ ಇದ್ದರು. ಯಾರೂ ನಗಲಿಲ್ಲ.

ಭುವನಾ ಮುಖ ತಿರುವಿತು. ಸುಧಾರಾಣಿ ಕಾದಳು. ಮತ್ತೆ ಹತ್ತಿರ ತಂದಳು, ಮತ್ತೆ ತಿರುವಿ ಅತ್ತಿತು. ಅವಳು ಸಕೀನಾಬಿಯವರ ಕಡೆ ನೋಡಿದಳು.

"ಅವಸರಾ ಮಾಡಬ್ಯಾಡ," ಎಂದರು ಸಕೀನಾಬಿ, ದೂರದಿಂದಲೇ. "ಅದಕ್ಕೂ ನೆನಪಿರತೈತಿ. ಮರೀಲಿ, ಬಿಡು."

ಅಷ್ಟರಲ್ಲಿ ಒಬ್ಬ ಹಮಾಲ ಚೀಲ ಹೊತ್ತುಕೊಂಡು ಒಳಗೆ ಬಂದ. ಮರಿಯವ್ವ ತಾನು ಕುಳಿತಲ್ಲಿಂದ ಎದ್ದು ಅಡ್ಡ ನಿಂತಳು. "ಏ ಉಡಚಪ್ಪಾ, ಅಲ್ಲೇ ಇಳಸು! ಒಳಗ ತಂದು ಝಾಡಿಸಿದೀ ಅಂದ್ರ ನೋಡು. ಧೂಳು ಏಳತೈತಿ, ಕೂಸಿಗೆ ಹಾಲು ಕುಡಸಾಕತ್ತಾರ."

"ಎಲ್ಲಿ ಇಳಸಲಿ ಆಯಿ, ತಲೀ ಮ್ಯಾಲ ಐತಿ."

"ತಲೀ ಮ್ಯಾಲೇ ಇರ್ಲಿ. ನಿನ್ನ ತಲ್ಯಾಗ ಬ್ಯಾರೆ ಏನೈತಿ, ಜಾಗಾ ರಗಡ ಐತಿ."

ಹೆಂಗಸರೆಲ್ಲ ನಕ್ಕರು. ಉಡಚಪ್ಪನೂ ನಕ್ಕು, ಹೊರಗೆ ಹೋಗಿ ಚೀಲ ಇಳಿಸಿದ. ನಗು ನಿಂತ ಮೇಲೆ ಶೆಡ್ಡಿನಲ್ಲಿ ಏನೋ ಕಡಿಮೆಯಾದಂತೆ ಅನಿಸಿತು. ಕೂಸಿನ ಅಳು ಕೇಳಿಸುತ್ತಿರಲಿಲ್ಲ. ಸೆರಗಿನ ಕೆಳಗೆ ಅದರ ಒಂದು ಪಾದ ಮಾತ್ರ ಕಾಣುತ್ತಿತ್ತು. ಆ ಪಾದದ ಬೆರಳುಗಳು ಮಡಚಿ, ಬಿಚ್ಚಿ, ಮಡಚಿ, ಬಿಚ್ಚಿ, ಗುಟುಕಿಗೆ ಸರಿಯಾಗಿ ಆಡುತ್ತಿದ್ದವು. ನಾನು ಅಭ್ಯಾಸದಿಂದ ಗಡಿಯಾರ ನೋಡಿದೆ. ಹದಿನಾರು ನಿಮಿಷ ಕುಡಿಯಿತು.

ಆ ಸೀಸನ್ನಿನಲ್ಲಿ ಅಲ್ಲಾವುದ್ದೀನರು ಹನ್ನೊಂದು ತಾಯಂದಿರಿಗೆ ಹುಕ್ಕು ಬಗ್ಗಿಸಿದರು. ಎಂಟು ಬಲಸೆರಗಿನವು, ಮೂರು ಎಡಸೆರಗಿನವು. ಅದನ್ನು ದೊಡ್ಡದಾಗಿ ಮಾಡಿ ಮಾರಬಹುದೆಂದು ನಾನು ಒಮ್ಮೆ ಹೇಳಿದೆ. "ಕೂಸು ಎಷ್ಟು ದಿನಾ ಕುಡೀತೈತಿ? ಆಮ್ಯಾಲ ಸಾದಾ ಹುಕ್ಕ ಚಲೋ," ಎಂದು ಸಕೀನಾಬಿಯವರು ಆ ಮಾತನ್ನು ಅಲ್ಲಿಗೇ ಬಿಟ್ಟರು. ಒಂದು ಕೂಸು ಹಾಲು ಬಿಟ್ಟ ಮೇಲೆ ಆ ಹುಕ್ಕುಗಳು ಇನ್ನೊಬ್ಬ ಬಾಣಂತಿಯ ಜಂಪರಿಗೆ ಹೋಗುತ್ತಿದ್ದವು. ನಾನು ೨೦೦೬ರಲ್ಲಿ ಬ್ಯಾಡಗಿ ಬಿಡುವಾಗಲೂ ಹಾಗೆ ಕೈಯಿಂದ ಕೈಗೆ ದಾಟುತ್ತಿದ್ದವು. ನನ್ನ ಕೆಲಸದಲ್ಲಿ ಆಮೇಲೆ ದೊಡ್ಡ ಉಪಕರಣಗಳನ್ನು ಬಳಸಿದ್ದೇನೆ. ಅಳೆಯುವ ಮೊದಲು ಯಾವುದನ್ನು ಅಳೆಯಬೇಕೆಂದು ನೋಡು ಎಂಬುದನ್ನು ಕಲಿಸಿದ್ದು ಮಾತ್ರ ಸಕೀನಾಬಿಯವರು. ಅದಕ್ಕೆ ನಾನು ಅವರಿಗೆ ಸರಿಯಾಗಿ ಕೃತಜ್ಞತೆ ಹೇಳಿಲ್ಲ. ಹೇಳಲು ಹೋದಾಗೆಲ್ಲ ಅವರು ಬೇರೆ ಮಾತು ತೆಗೆಯುತ್ತಿದ್ದರು.

ಸುಧಾರಾಣಿಗೂ ಹಾಗೆಯೇ ಆಯಿತು. ೨೦೦೪ರ ಮಾರ್ಚ್ ಒಂಬತ್ತರಂದು ಅವಳು ಅಂಗನವಾಡಿಯಿಂದ ನೇರವಾಗಿ ಅಂಗಡಿಗೆ ಬಂದಳು. ಬಿಸಿಲಿನಲ್ಲಿ ನಡೆದು ಬಂದು ಮುಖ ಕೆಂಪಾಗಿತ್ತು. ಹೊಸ್ತಿಲ ಹೊರಗಿನಿಂದಲೇ, "ಐದು ಕಿಲೋ ಏಳುನೂರ್ರಿ!" ಅಂದಳು.

ಸಕೀನಾಬಿಯವರು ಕೂಸನ್ನು ತೆಗೆದುಕೊಂಡು ತಮ್ಮ ಕಣ್ಣಿನಿಂದ ತೂಗಿದರು. "ಏಳುನೂರಾ ಐವತ್ತು," ಅಂದರು. "ನಿಮ್ಮ ಅಕ್ಕೋರ ತಕ್ಕಡಿ ಸರಿ ಇಲ್ಲ."

ಸುಧಾರಾಣಿ ನಕ್ಕಳು, ಆಮೇಲೆ ಅವಳ ಕಣ್ಣು ತುಂಬಿದವು. "ಸಕೀನಕ್ಕಾ, ನಿಮಗ ನಾ ಹೆಂಗ ಹೇಳ್ಲಿ, ನೀವು ಇರಲಿಲ್ಲಾಂದ್ರ ಈ ಕೂಸು..."

"ಏ, ಅದನ್ನೆಲ್ಲಾ ಆಮ್ಯಾಲ ಹೇಳುವಂತಿ," ಅಂದರು ಸಕೀನಾಬಿ, ತಮ್ಮ ಸೆರಗಿನ ತುದಿಯನ್ನು ಹುಡುಕುತ್ತಾ. "ಮೊದ್ಲ ಇದರ ಗದ್ದಾ ಒರಸು. ಕುಡದಿದ್ದು ಹೆಚ್ಚಾಗಿ ಹಾಲು ಹೊರಗ ಬರಾಕತ್ತೇತಿ."